ಒಂದು ಪ್ಲಸ್ ಚಿಹ್ನೆಯ ಕಥೆ: ನಿಮ್ಮ ಕೀಕ್ಯಾಪ್ ಯಾಕೆ ಸೀಳುತ್ತೆ?

ಹೋದ ತಿಂಗಳು ಒಂದು ರಾತ್ರಿ ಸಂಚಿಕೆಯ ಸ್ಕ್ರಿಪ್ಟ್ ಟೈಪ್ ಮಾಡ್ತಾ ಕೂತಿದ್ದೆ. ಟಕ್ ಅಂತ ಏನೋ ಹಾರಿ ಟೇಬಲ್ ಕೆಳಗೆ ಬಿತ್ತು. ಮೊಬೈಲ್ ಟಾರ್ಚ್ ಹಾಕಿ ಹುಡುಕಿದ್ರೆ, ಎಫ್ ಕೀ.

ಬೇರೆ ಯಾವ ಕೀ ಹೋಗಿದ್ರೂ ಹೇಗೋ ಸುಧಾರಿಸ್ತಿದ್ದೆ. ಆದರೆ ನಾನು ಟೈಪ್ ಮಾಡೋದು ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ. ನುಡಿ ಬಳಸೋರಿಗೆಲ್ಲ ಅದು ಗೊತ್ತು. ಅದರಲ್ಲಿ ಒತ್ತಕ್ಷರ ಬರಬೇಕಾದ್ರೆ ನಡುವೆ ಎಫ್ ಒತ್ತಲೇಬೇಕು. ಎಫ್ ಇಲ್ಲ ಅಂದ್ರೆ ಅಮ್ಮ 'ಅಮಮ' ಆಗ್ತಾರೆ, ಅಪ್ಪ 'ಅಪಪ' ಆಗ್ತಾರೆ. ಕನ್ನಡವೇ 'ಕನನಡ' ಆಗಿಬಿಡುತ್ತೆ!

ಕೀಕ್ಯಾಪ್ ತಿರುಗಿಸಿ ನೋಡಿದೆ. ಕೆಳಗಡೆ ನಡುವಿನ ಕೊಳವೆಯಲ್ಲಿ ಕೂದಲಿನಷ್ಟು ತೆಳ್ಳಗೆ ಒಂದು ಸೀಳು. ಕೀಬೋರ್ಡ್ ತಗೊಂಡಿದ್ದು ಒಂದು ಕಡೆ, ಕೀಕ್ಯಾಪ್ ಸೆಟ್ ತರಿಸಿದ್ದು ಇನ್ನೊಂದು ಕಡೆ. ಕೀಕ್ಯಾಪ್ ಮಾರಿದವರಿಗೆ ಮೆಸೇಜ್ ಹಾಕಿದೆ. "ಸರ್, ನಿಮ್ಮ ಸ್ವಿಚ್ ದಪ್ಪ ಇದೆ" ಅಂದ್ರು. ಕೀಬೋರ್ಡ್ ಮಾರಿದವರಿಗೆ ಹಾಕಿದೆ. "ಸರ್, ನಿಮ್ಮ ಕೀಕ್ಯಾಪ್ ಲೂಸ್ ಕ್ವಾಲಿಟಿ" ಅಂದ್ರು. ಇಬ್ಬರೂ ತುಂಬಾ ಮರ್ಯಾದೆಯಿಂದಲೇ ಮಾತಾಡಿದ್ರು. ದುಡ್ಡು ಮಾತ್ರ ಯಾರೂ ವಾಪಸ್ ಕೊಡಲಿಲ್ಲ.

ಆಗ ಹುಟ್ಟಿದ ಪ್ರಶ್ನೆಯೇ ಇವತ್ತಿನ ಸಂಚಿಕೆ. ಈ ಎರಡೂ ಭಾಗ ಒಂದಕ್ಕೊಂದು ಸರಿಯಾಗಿ ಕೂರಬೇಕು ಅಂತ ನಿರ್ಧಾರ ಮಾಡಿದ್ದು ಯಾರು? ಆ ಅಳತೆ ಯಾರದ್ದು?

ಮೊದಲು ವಸ್ತುವನ್ನೇ ನೋಡೋಣ. ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಅಕ್ಷರದ ಕೆಳಗೂ ಒಂದೊಂದು ಸ್ವಿಚ್ ಇರುತ್ತೆ. ಸ್ವಿಚ್ಚಿನ ಮಧ್ಯೆ ಮೇಲೆ ಕೆಳಗೆ ಓಡಾಡುವ ಪ್ಲಾಸ್ಟಿಕ್ ಕಂಬ, ಅದಕ್ಕೆ ಸ್ಟೆಮ್ ಅಂತಾರೆ. ಸ್ಟೆಮ್‌ನ ತುದಿಯಲ್ಲಿ ಒಂದು ಪ್ಲಸ್ ಚಿಹ್ನೆ. ಅದರ ಒಂದೊಂದು ಅಡ್ಡಪಟ್ಟಿ ಸುಮಾರು 4 ಮಿಲಿಮೀಟರ್ ಉದ್ದ, 1 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ದಪ್ಪ. ಕೀಕ್ಯಾಪಿನ ಕೆಳಗೆ ಅದೇ ಆಕಾರದ ಸಂದು. ಅಂಟಿಲ್ಲ, ಸ್ಕ್ರೂ ಇಲ್ಲ. ಬಿಗಿಯಾಗಿ ಒತ್ತಿ ಕೂರಿಸಿದರೆ ಬರೀ ಘರ್ಷಣೆಯಿಂದ ನಿಲ್ಲುತ್ತೆ. ಪ್ಲಸ್ ಸ್ವಲ್ಪ ತೆಳ್ಳಗಾದರೆ ಕೀ ಅಲ್ಲಾಡುತ್ತೆ, ಕಳಚಿ ಬೀಳುತ್ತೆ. ಸ್ವಲ್ಪ ದಪ್ಪ ಆದರೆ ಕೊಳವೆ ಹಿಗ್ಗಿ ಹಿಗ್ಗಿ ಕೊನೆಗೆ ಸೀಳುತ್ತೆ. 'ಸ್ವಲ್ಪ' ಅಂದ್ರೆ ಎಷ್ಟು? ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ ಸಾಕು. ನಮ್ಮ ತಲೆಗೂದಲಿನ ದಪ್ಪ ಹೆಚ್ಚುಕಮ್ಮಿ ಅಷ್ಟೇ.

ಈಗ ಹಿಂದಕ್ಕೆ ಹೋಗೋಣ. 1874ರಲ್ಲಿ ಅಮೆರಿಕದ ರೆಮಿಂಗ್ಟನ್ ಕಂಪನಿ ಶೋಲ್ಸ್ ಮತ್ತು ಗ್ಲಿಡ್ಡನ್ ಟೈಪ್‌ರೈಟರನ್ನು ಮಾರುಕಟ್ಟೆಗೆ ತಂತು. ನಮ್ಮ ಕ್ವರ್ಟಿ ಜೋಡಣೆಯ ಮೂಲ ಅದೇ. ಹಳೇ ಟೈಪ್‌ರೈಟರಿನ ಗುಂಡಿಗಳು ಲೋಹದ ಸನ್ನೆಗೇ ಕೂತಿರುತ್ತಿದ್ದವು. ಸನ್ನೆ, ಗುಂಡಿ ಎರಡನ್ನೂ ಮಾಡೋದು ಒಂದೇ ಕಂಪನಿ. ಹಾಗಾಗಿ ಹೊಂದಾಣಿಕೆಯ ಪ್ರಶ್ನೆ ಕಾರ್ಖಾನೆಯ ಬಾಗಿಲು ದಾಟಿ ಗಿರಾಕಿಯ ಮನೆಗೆ ಬರ್ತಾ ಇರಲಿಲ್ಲ.

ಕಂಪ್ಯೂಟರ್ ಬಂದಾಗಲೂ ದೊಡ್ಡ ಕಂಪನಿಗಳಲ್ಲಿ ಇದೇ ಪದ್ಧತಿ ಇತ್ತು. ಐಬಿಎಂ 1981ರಲ್ಲಿ ತನ್ನ ಪಿಸಿ ಜೊತೆ ಕೊಟ್ಟ ಕೀಬೋರ್ಡನ್ನು ಮಾಡೆಲ್ ಎಫ್ ಅಂತ ಕರೀತಾರೆ. 1985ರ ಸುಮಾರಿಗೆ ಬಂದಿದ್ದು ಪ್ರಸಿದ್ಧ ಮಾಡೆಲ್ ಎಂ. 2 ಕೆಜಿಗಿಂತ ಹೆಚ್ಚು ತೂಕ. ಕೀಕ್ಯಾಪ್‌ಗಳು ಪಿಬಿಟಿ ಅನ್ನೋ ಗಟ್ಟಿ ಪ್ಲಾಸ್ಟಿಕ್‌ನವು. ಅಕ್ಷರಗಳನ್ನು ಮೇಲೆ ಬಳಿದಿಲ್ಲ, ಬಣ್ಣವನ್ನು ಶಾಖದಿಂದ ಪ್ಲಾಸ್ಟಿಕ್ ಒಳಗೇ ಇಳಿಸಿದ್ದಾರೆ. ನಲವತ್ತು ವರ್ಷ ಉಜ್ಜಿದರೂ ಅಕ್ಷರ ಅಳಿಸಿಲ್ಲ.

ಹಾಗಂತ ಅದೇನು ಕಲ್ಪವೃಕ್ಷ ಅಲ್ಲ. ಮಾಡೆಲ್ ಎಫ್‌ಗಿಂತ ಕಡಿಮೆ ಖರ್ಚಿನಲ್ಲಿ ಆಗಲಿ ಅಂತಲೇ ಮಾಡೆಲ್ ಎಂ ಮಾಡಿದ್ದು. ಅದರ ಒಳಗಿನ ಪದರಗಳನ್ನು ಹಿಡಿದಿಡೋದು ಪ್ಲಾಸ್ಟಿಕ್ ರಿವೆಟ್‌ಗಳು. ವಯಸ್ಸಾದ ಮೇಲೆ ಅವು ಒಂದೊಂದಾಗಿ ಮುರಿದು ಒಳಗೇ ಗಲಗಲ ಅಂತವೆ. ಇವತ್ತಿಗೂ ಅದನ್ನು ಪ್ರೀತಿಸೋರು ಬಿಚ್ಚಿ, ರಿವೆಟ್ ಜಾಗದಲ್ಲಿ ತೂತು ಕೊರೆದು, ಸಣ್ಣ ಬೋಲ್ಟ್ ಹಾಕಿ ರಿಪೇರಿ ಮಾಡ್ತಾರೆ. 'ಹಳೇ ಕಾಲದ್ದೆಲ್ಲಾ ಗಟ್ಟಿ' ಅನ್ನೋದು ಅರ್ಧ ಮಾತ್ರ ನಿಜ. ಖರ್ಚು ಉಳಿಸೋ ಲೆಕ್ಕಾಚಾರ ಆಗಲೂ ಇತ್ತು. ಆದರೆ ತಪ್ಪು ಯಾರದು ಅನ್ನೋ ಗೊಂದಲ ಇರಲಿಲ್ಲ. ಕ್ಯಾಪ್ ಕೂರಲಿಲ್ಲ ಅಂದ್ರೆ ಐಬಿಎಂನ ಕೇಳಬಹುದಿತ್ತು.

ನಮ್ಮ ಪ್ಲಸ್ ಚಿಹ್ನೆ ಬರೋದು ಬೇರೆ ಮನೆಯಿಂದ. 1953ರಲ್ಲಿ ವಾಲ್ಟರ್ ಚೆರ್ರಿ ಎಂಬುವವರು ಅಮೆರಿಕದ ಇಲಿನಾಯ್ಸ್ ರಾಜ್ಯದ ಹೈಲ್ಯಾಂಡ್ ಪಾರ್ಕ್‌ನಲ್ಲಿ ಸ್ವಿಚ್ ಕಂಪನಿ ಶುರು ಮಾಡಿದರು. ಮುಂದೆ ಅದು ಜರ್ಮನಿಯಲ್ಲಿ ನೆಲೆಯೂರಿತು. 1980ರ ದಶಕದ ಮೊದಲರ್ಧದಲ್ಲಿ ಅಲ್ಲಿಂದ ಬಂದಿದ್ದೇ ಎಂಎಕ್ಸ್ ಸ್ವಿಚ್. ಅದರ ತಲೆಯ ಮೇಲಿತ್ತು ಈ ಪ್ಲಸ್.

ಇಲ್ಲಿ ಒಂದು ವಿಷಯ ಗಮನಿಸಿ. ಚೆರ್ರಿ ಜಗತ್ತಿಗೆ ಒಂದು ಮಾನದಂಡ ಕೊಡ್ತೀನಿ ಅಂತ ಈ ಆಕಾರ ಮಾಡಲಿಲ್ಲ. ಅದು ಒಂದು ಕಂಪನಿಯ ಒಂದು ಬಿಡಿಭಾಗ, ಅಷ್ಟೇ. ಅದೇ ಕಾಲದಲ್ಲಿ ಜಪಾನಿನ ಆಲ್ಪ್ಸ್ ಕಂಪನಿಯ ಸ್ವಿಚ್‌ಗಳೂ ಜೋರಾಗಿ ಓಡ್ತಿದ್ದವು. ಆ್ಯಪಲ್ 1987ರಲ್ಲಿ ತಂದ ಎಕ್ಸ್‌ಟೆಂಡೆಡ್ ಕೀಬೋರ್ಡಿನಲ್ಲಿ ಇದ್ದಿದ್ದು ಆಲ್ಪ್ಸ್ ಸ್ವಿಚ್ಚೇ. ಅದರ ಮೇಲ್ಭಾಗದಲ್ಲಿ ಪ್ಲಸ್ ಇಲ್ಲ, ಆಯತಾಕಾರ. ಆಗ ಯಾರಾದ್ರೂ ಪಂದ್ಯ ಕಟ್ಟಿದ್ದರೆ ಯಾವುದು ಗೆಲ್ಲುತ್ತೆ ಅಂತ ಹೇಳೋದು ಕಷ್ಟವಿತ್ತು.

ಆಮೇಲೆ 1990ರ ದಶಕದಲ್ಲಿ ಅಗ್ಗದ ರಬ್ಬರ್ ಕೀಬೋರ್ಡ್‌ಗಳು ಬಂದು ಎರಡನ್ನೂ ಮೂಲೆಗೆ ತಳ್ಳಿದವು. ನಮ್ಮಲ್ಲಿ ಮಾತ್ರ ಕೆಲವು ಕಡೆ ಆ ಸದ್ದು ನಿಲ್ಲಲಿಲ್ಲ. ಬಿಲ್ಲಿಂಗ್ ಕೌಂಟರ್‌ನಲ್ಲಿ, ಡಿಟಿಪಿ ಅಂಗಡಿಯಲ್ಲಿ ಟಕಟಕ ಅನ್ನೋ ದಪ್ಪ ಕೀಬೋರ್ಡ್ ನೋಡಿರ್ತೀರಿ. ಟಿವಿಎಸ್ ಗೋಲ್ಡ್. ಅದರೊಳಗೆ ಇದ್ದಿದ್ದೂ ಚೆರ್ರಿಯ ನೀಲಿ ಸ್ವಿಚ್. ಬಿ.ಕಾಂ. ಮುಗಿಸಿ ನಾನು ಮೊದಲು ಟ್ಯಾಲಿ ಎಂಟ್ರಿ ಮಾಡಿದ್ದು ಅಂಥದ್ದರ ಮೇಲೆ. ಕಾಲಡಿಯಲ್ಲಿ ಜರ್ಮನಿಯ ಇತಿಹಾಸವೇ ಇದೆ ಅಂತ ಆಗ ಗೊತ್ತಿರಲಿಲ್ಲ. ಕಾಲಡಿ ಅಲ್ಲ, ಬೆರಳಡಿ ಅನ್ನಿ.

ಮುಂದೆ ಗೇಮಿಂಗ್ ಆಡೋರು ಮೆಕ್ಯಾನಿಕಲ್ ಕೀಬೋರ್ಡಿಗೆ ಮತ್ತೆ ಜೀವ ಕೊಟ್ಟರು. ಆಗ ದೊಡ್ಡ ಮಟ್ಟದಲ್ಲಿ ಉಳಿದಿದ್ದು ಚೆರ್ರಿ. ಪೇಟೆಂಟ್‌ಗೆ ಆಯಸ್ಸು ಅಂತ ಇರುತ್ತಲ್ಲ, ಅದು ಮುಗಿದ ಮೇಲೆ, 2010ರ ದಶಕದಲ್ಲಿ ಚೀನಾದ ಕೈಲ್, ಗ್ಯಾಟೆರಾನ್, ಔಟೆಮು ಎಂಬ ಹೆಸರುಗಳಲ್ಲಿ ಅದೇ ಪ್ಲಸ್ ಇರುವ ಸ್ವಿಚ್‌ಗಳು ಲಕ್ಷಗಟ್ಟಲೆ ಬಂದವು. ಬೆಲೆ ಇಳಿಯಿತು. ನಮ್ಮಂಥವರ ಕೈಗೂ ಎಟುಕಿತು. ಕೀಕ್ಯಾಪ್ ಕಡೆಯೂ ಹೀಗೇ. ಚೆರ್ರಿಯ ಹಳೇ ಎರಡು ಬಣ್ಣದ ಅಚ್ಚುಗಳು ಜರ್ಮನಿಯ ಜಿಎಂಕೆ ಕಂಪನಿಯ ಕೈ ಸೇರಿದವು. ಅಮೆರಿಕದಲ್ಲಿ ಸಿಗ್ನೇಚರ್ ಪ್ಲಾಸ್ಟಿಕ್ಸ್ ಇತ್ತು. ಚೀನಾದಲ್ಲಂತೂ ಲೆಕ್ಕವಿಲ್ಲದಷ್ಟು ತಯಾರಕರು.

ಅಂದ್ರೆ ಏನಾಯ್ತು? ಒಂದೇ ಮನೆಯಲ್ಲಿ ಹುಟ್ಟುತ್ತಿದ್ದ ಪ್ಲಸ್ ಮತ್ತು ಸಂದು, ಈಗ ಒಬ್ಬರನ್ನೊಬ್ಬರು ನೋಡದೇ ಇರೋ ಎರಡು ಕಾರ್ಖಾನೆಗಳಲ್ಲಿ ಹುಟ್ಟೋಕೆ ಶುರುವಾದವು.

ಬಿ.ಕಾಂ. ಮಾಡಿದವರಿಗೆ ಕಾಸ್ಟಿಂಗ್ ಪೇಪರ್ ನೆನಪಿರಬಹುದು. ಅಂದುಕೊಂಡ ಲೆಕ್ಕಕ್ಕೂ ನಿಜವಾದ ಲೆಕ್ಕಕ್ಕೂ ಇರುವ ವ್ಯತ್ಯಾಸ, ವೇರಿಯನ್ಸ್. ಅಚ್ಚಿನಲ್ಲಿ ಮಾಡುವ ಪ್ರತಿ ಪ್ಲಾಸ್ಟಿಕ್ ತುಂಡಿಗೂ ಅದು ಇದ್ದೇ ಇರುತ್ತೆ. ಅಚ್ಚು ಸವೆಯುತ್ತೆ. ಬಿಸಿ ಪ್ಲಾಸ್ಟಿಕ್ ಆರುವಾಗ ಕುಗ್ಗುತ್ತೆ. ಎಬಿಎಸ್ ಪ್ಲಾಸ್ಟಿಕ್ ಸುಮಾರು ಶೇ 0.5ರಷ್ಟು ಕುಗ್ಗಿದರೆ, ಪಿಬಿಟಿ ಶೇ 1.5ರಿಂದ 2ರಷ್ಟು. ಕೀಬೋರ್ಡಿನಲ್ಲಿ ಅಕ್ಷರದಿಂದ ಅಕ್ಷರಕ್ಕೆ ಇರುವ ದೂರ 19.05 ಮಿಲಿಮೀಟರ್. ಸಾಮಾನ್ಯ ಸ್ಪೇಸ್‌ಬಾರ್ ಅದರ ಆರೂಕಾಲು ಪಟ್ಟು, ಅಂದ್ರೆ 119 ಮಿಲಿಮೀಟರ್. ಎಬಿಎಸ್‌ನಲ್ಲಿ ಅದು ಅರ್ಧ ಮಿಲಿಮೀಟರಿನಷ್ಟು ಕುಗ್ಗಿದರೆ, ಪಿಬಿಟಿಯಲ್ಲಿ ಸುಮಾರು 2 ಮಿಲಿಮೀಟರ್. ಒಂದು ಕಡೆ ಬೇಗ, ಇನ್ನೊಂದು ಕಡೆ ನಿಧಾನ ಆರಿದರೆ ಬಾಳೆಹಣ್ಣಿನ ಥರ ಬಾಗುತ್ತೆ. ಬಾಗಿದ ಸ್ಪೇಸ್‌ಬಾರ್ ಅನ್ನೋದು ಈ ಹವ್ಯಾಸದಲ್ಲಿ ಹಳೇ ದೂರು. ಐಬಿಎಂ ಕೂಡ ಮಾಡೆಲ್ ಎಂನಲ್ಲಿ ಉಳಿದ ಕೀಗಳಿಗೆ ಪಿಬಿಟಿ ಹಾಕಿ, ಸ್ಪೇಸ್‌ಬಾರಿಗೆ ಎಬಿಎಸ್ ಬಳಸಿತ್ತು.

ಈಗ ಲೆಕ್ಕ ಹಾಕಿ. ಸ್ವಿಚ್ ಕಾರ್ಖಾನೆಯಲ್ಲಿ ಪ್ಲಸ್ ಕೂದಲೆಳೆಯಷ್ಟು ದಪ್ಪ ಆಯ್ತು. 'ಮಿತಿಯೊಳಗೇ ಇದೆ, ಪಾಸ್.' ಕೀಕ್ಯಾಪ್ ಕಾರ್ಖಾನೆಯಲ್ಲಿ ಸಂದು ಕೂದಲೆಳೆಯಷ್ಟು ಕಿರಿದಾಯ್ತು. 'ಮಿತಿಯೊಳಗೇ ಇದೆ, ಪಾಸ್.' ಎರಡೂ ಪುಸ್ತಕ ಬೇರೆಬೇರೆಯಾಗಿ ನೋಡಿದರೆ ಟ್ಯಾಲಿ ಆಗುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿದಾಗ ಮಾತ್ರ ತಪ್ಪು ಕಾಣೋದು. ಆ ತಾಳೆ ನೋಡೋ ಕೆಲಸ ಯಾರಿಗೆ ಬಿತ್ತು? ನಮಗೆ. ದುಡ್ಡು ಕೊಟ್ಟು ತಗೊಂಡ ನಮಗೆ.

ಇದು ಬರೀ ಊಹೆ ಅಲ್ಲ, 2018ರಲ್ಲಿ ಹೀಗೇ ಆಯ್ತು. ಕೈಲ್ ಅದರ ಹಿಂದಿನ ವರ್ಷ ಬಾಕ್ಸ್ ಅನ್ನೋ ಹೊಸ ಸ್ವಿಚ್ ಸರಣಿ ತಂದಿತ್ತು. ಪ್ಲಸ್ ಸುತ್ತ ಒಂದು ಚೌಕದ ಗೋಡೆ, ಧೂಳು ನೀರು ಒಳಗೆ ಹೋಗದ ಹಾಗೆ. ಒಳ್ಳೇ ಯೋಚನೆ, ಜನಕ್ಕೂ ಇಷ್ಟ ಆಯ್ತು. ಸ್ವಲ್ಪ ದಿನಕ್ಕೆ ದೂರುಗಳು ಬಂದವು: ದುಬಾರಿ ಕೀಕ್ಯಾಪ್‌ಗಳು ಸೀಳ್ತಾ ಇವೆ. ಬಳಕೆದಾರರೇ ಕ್ಯಾಲಿಪರ್ ಹಿಡಿದು ಅಳೆದರು. ಬಾಕ್ಸ್ ಸ್ವಿಚ್ಚಿನ ಪ್ಲಸ್ ಕೊಂಚ ದಪ್ಪ ಅಂತ ಗೊತ್ತಾಯ್ತು.

ಸೀಳಿದ್ದು ಕಣ್ಣಿಗೆ ಕಾಣುತ್ತೆ. ಅದಕ್ಕಿಂತ ಮೋಸದ್ದು ಸೀಳದೇ ಹಿಗ್ಗಿದ್ದು. ಬಾಕ್ಸ್ ಸ್ವಿಚ್ ಮೇಲೆ ಕೂತಿರೋ ತನಕ ಕ್ಯಾಪ್ ಚೆನ್ನಾಗೇ ಇರುತ್ತೆ. ಅದನ್ನೇ ತೆಗೆದು ಬೇರೆ ಸ್ವಿಚ್ಚಿಗೆ ಹಾಕಿದರೆ ಲೊಡಲೊಡ. ಆಗ ನೀವು ಬೈಯೋದು ಯಾರನ್ನ? ಎರಡನೇ ಸ್ವಿಚ್ಚನ್ನ, ಪಾಪ! ಕೊನೆಗೆ ಕೈಲ್ ಅಚ್ಚು ತಿದ್ದಿ ಹೊಸ ಸ್ವಿಚ್‌ಗಳನ್ನು ಬಿಟ್ಟಿತು. ಒಂದು ದೊಡ್ಡ ಕಂಪನಿ ಅಚ್ಚು ಬದಲಿಸೋ ಹಾಗೆ ಮಾಡಿದ್ದು ಯಾವ ಸರ್ಕಾರಿ ಇಲಾಖೆಯೂ ಅಲ್ಲ, ಮನೆಯಲ್ಲಿ ಕೂತು ಅಳೆದ ಗಿರಾಕಿಗಳು.

ನನಗೆ ಈ ಇತಿಹಾಸದಲ್ಲಿ ಕಂಡಿದ್ದು ಇಷ್ಟು. ಎಲ್ಲರೂ ಒಂದೇ ಆಕಾರ ಬಳಸ್ತಾರೆ ಅಂದ ಮಾತ್ರಕ್ಕೆ ಅದನ್ನು ಕಾಯೋರು ಇದ್ದಾರೆ ಅಂತಲ್ಲ. ಐಬಿಎಂ ಕಾಲದಲ್ಲಿ ನಮಗೆ ಆಯ್ಕೆ ಇರಲಿಲ್ಲ, ಆದರೆ ಕೇಳೋಕೆ ಒಬ್ಬರಿದ್ದರು. ಈಗ ಸಾವಿರ ಆಯ್ಕೆ ಇದೆ, ಬಣ್ಣ ಬಣ್ಣದ ಸೆಟ್ ಇದೆ, ಬೆಲೆಯೂ ಕಡಿಮೆ. ಆ ಕಡಿಮೆ ಬೆಲೆಯ ಬಿಲ್ಲಿನಲ್ಲಿ ಕಾಣದ ಒಂದು ಸಾಲು ಇದೆ: ಹೊಂದಾಣಿಕೆಯ ಹೊಣೆ ಗಿರಾಕಿಯದು. ನಾನು ಹಳೇ ಕಾಲಕ್ಕೆ ವಾಪಸ್ ಹೋಗೋಣ ಅನ್ನಲ್ಲ. ಆಗಿನ ಬೆಲೆಗೆ ನನ್ನಂಥವನ ಟೇಬಲ್ ಮೇಲೆ ಇಂಥ ಕೀಬೋರ್ಡ್ ಬರ್ತಾನೇ ಇರಲಿಲ್ಲ. ಆ ಸಾಲನ್ನು ಓದಿಕೊಂಡು ತಗೊಳ್ಳೋಣ ಅಂತೀನಿ.

ಅದಕ್ಕೇ ಮೂರು ಮಾತು. ಹೊಸ ಸೆಟ್ ಬಂದ ತಕ್ಷಣ ಎಲ್ಲಾ ಕೀ ಹಾಕಬೇಡಿ. ಕಡಿಮೆ ಬಳಸೋ ಒಂದೆರಡು ಕೀ ಹಾಕಿ ಒಂದು ದಿನ ಬಿಟ್ಟು ತೆಗೆದು ನೋಡಿ, ಕೊಳವೆಯಲ್ಲಿ ಬಿಳಿ ಗೆರೆ ಬಂದಿದ್ದರೆ ಅಲ್ಲಿಗೇ ನಿಲ್ಲಿಸಿ. ತೆಗೆಯುವಾಗ ತಂತಿಯ ಪುಲ್ಲರ್ ಬಳಸಿ, ಅತ್ತಿತ್ತ ಅಲ್ಲಾಡಿಸದೆ ನೇರವಾಗಿ ಎತ್ತಿ. ಸ್ಪೇಸ್‌ಬಾರನ್ನು ಗಾಜಿನ ಮೇಲಿಟ್ಟು ನೋಡಿ, ತೊಟ್ಟಿಲ ಹಾಗೆ ತೂಗಿದರೆ ವಾಪಸ್ ಕಳಿಸಿ.

ನನ್ನ ಎಫ್ ಏನಾಯ್ತು ಅಂತೀರಾ? ಮೊದಲು ಬೇರೆ ಸಾಲಿನ ಒಂದು ಕ್ಯಾಪ್ ಹಾಕಿ ನೋಡಿದೆ. ಪ್ರತಿ ಸಾಲಿನ ಎತ್ತರ, ಇಳಿಜಾರು ಬೇರೆ. ಮೇಲಾಗಿ ಎಫ್ ಮತ್ತು ಜೆ ಮೇಲೆ ಬೆರಳಿಗೆ ಗುರುತು ಸಿಗೋಕೆ ಒಂದು ಸಣ್ಣ ಉಬ್ಬು ಇರುತ್ತೆ, ಅದು ಇದರಲ್ಲಿ ಇಲ್ಲ. ಕಣ್ಣು ಸ್ಕ್ರೀನ್ ಮೇಲೆ, ಬೆರಳು ದಾರಿ ತಪ್ಪಿದ ಕುರಿ. ಕೊನೆಗೆ ಕೀಬೋರ್ಡಿನ ಜೊತೆ ಬಂದಿದ್ದ ಹಳೇ ಕ್ಯಾಪನ್ನು ಡಬ್ಬಿಯಿಂದ ಹುಡುಕಿ ಹಾಕಿದೆ. ಬಣ್ಣ ಹೊಂದಲ್ಲ. ಸುತ್ತ ಎಲ್ಲಾ ತಿಳಿಹಸಿರು, ಮಧ್ಯೆ ಒಂದು ಕಪ್ಪು ಎಫ್. ನೋಡಿದವರೆಲ್ಲ ಕೇಳ್ತಾರೆ.

ಆದರೆ ಅಲ್ಲಾಡಲ್ಲ. ಅಮ್ಮ ಮತ್ತೆ ಅಮ್ಮ ಆಗಿದ್ದಾರೆ. ಈ ಸಂಚಿಕೆಯ ಒತ್ತಕ್ಷರಗಳೆಲ್ಲ ಅದರಿಂದಲೇ ಬಂದವು.

ನಿಮ್ಮ ಕೀಬೋರ್ಡಿನ ಕಥೆ ಇದ್ದರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಇನ್ನೊಂದು ವಸ್ತುವಿನ ಹಿಂದೆ ಹೋಗೋಣ. ಅಲ್ಲಿವರೆಗೂ, ನಮಸ್ಕಾರ.