ಬೀಗ ಮತ್ತು ಪ್ರತಿ: ತಾಳೆಗರಿಯಿಂದ ಡಿಜಿಟಲ್ ಗ್ರಂಥದವರೆಗೆ

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಕನ್ನಡ ಸಾಹಿತ್ಯ ಚರಿತ್ರೆಯ ಪ್ರಸಿದ್ಧ ಸಂಗತಿ. ಶಾಸ್ತ್ರದಾನವನ್ನು ಚತುರ್ವಿಧ ದಾನಗಳಲ್ಲಿ ಒಂದೆಂದು ಎಣಿಸಿದ ಜೈನ ಪರಂಪರೆಯಲ್ಲಿ ಪ್ರತಿ ಮಾಡುವುದೇ ಗ್ರಂಥರಕ್ಷಣೆಯಾಗಿತ್ತು. ಆದರೆ ಅದೇ ಪರಂಪರೆ ಇದಕ್ಕೆ ವಿರುದ್ಧವಾದ ಇನ್ನೊಂದು ಕ್ರಮವನ್ನೂ ಕಂಡಿದೆ.

ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯ ತಾಳೆಗರಿ ಪ್ರತಿಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಭಾಷೆ ಪ್ರಾಕೃತ, ಲಿಪಿ ಹಳೆಗನ್ನಡ. ಶತಮಾನಗಳ ಕಾಲ ಅವು ಓದಿಗಲ್ಲ, ದರ್ಶನಕ್ಕೆ ಮೀಸಲಾಗಿದ್ದವು. ಬಸದಿಯ ಕಾವಲು ಅವುಗಳನ್ನು ಕಳ್ಳತನದಿಂದ ಕಾಪಾಡಿತು, ಕಾಲದಿಂದ ಕಾಪಾಡಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾದಾಗಲೂ ಹೊಸ ಪ್ರತಿ ಹೊರಗೆ ಹೋಗಬಾರದೆಂಬುದೇ ವ್ಯವಸ್ಥೆಯಾಗಿತ್ತು. ಲಿಪಿಕಾರರಾದ ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಪ್ರತಿ ಸಿದ್ಧಪಡಿಸಿದರು. ಅದು ಸಹಾರನಪುರವನ್ನು ಸೇರಿತು. ಅದರಿಂದ ಬೇರೆ ಪ್ರತಿಗಳು ಹುಟ್ಟಿದವು. 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಮುದ್ರಣಗೊಂಡಿತು. ನಿಯಮವನ್ನು ಮೀರಿದ ಪ್ರತಿಯೇ ವಿದ್ವಲ್ಲೋಕಕ್ಕೆ ಬಾಗಿಲು ತೆರೆಯಿತು.

ಇಂದಿನ ಡಿಜಿಟಲ್ ಪುಸ್ತಕಗಳ ಬೀಗ ಕಣ್ಣಿಗೆ ಕಾಣದು. ಆದರೆ ಅದರ ಕೀಲಿ ಓದುಗನ ಬಳಿ ಇರದು. 2009ರಲ್ಲಿ ಅಮೆಜಾನ್ ಸಂಸ್ಥೆ ಆರ್ವೆಲ್‌ನ ‘1984’ರ ಒಂದು ಆವೃತ್ತಿಯನ್ನು ಕೊಂಡವರ ಕಿಂಡಲ್‌ಗಳಿಂದಲೇ ಅಳಿಸಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಪುಸ್ತಕ ಮಳಿಗೆಯನ್ನು ಮುಚ್ಚಿದಾಗ ಓದುಗರಿಗೆ ಹಣ ಮರಳಿತು, ಪುಸ್ತಕಗಳು ಉಳಿಯಲಿಲ್ಲ.

ಲೇಖಕನ ಜೀವನೋಪಾಯದ ಪ್ರಶ್ನೆ ಅತ್ತಿಮಬ್ಬೆಯ ಕಾಲದಲ್ಲಿ ಈ ರೂಪದಲ್ಲಿ ಇರಲಿಲ್ಲ. ಆದ್ದರಿಂದ ಇಂದಿನ ಹಕ್ಕುಗಳನ್ನು ಅಲ್ಲಗಳೆಯುವಂತಿಲ್ಲ. ಭಾರತದಲ್ಲಿ ಕೃತಿಸ್ವಾಮ್ಯ ಲೇಖಕನ ಮರಣಾನಂತರ 60 ವರ್ಷಗಳಿಗೆ ಮುಗಿಯುತ್ತದೆ. ಬೀಗಕ್ಕೆ ಮಾತ್ರ ಅಂತಹ ಅವಧಿಯಿಲ್ಲ. 2012ರ ತಿದ್ದುಪಡಿಯಿಂದ ಬಂದ 65ಎ ಕಲಮು ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿಯುವುದನ್ನು ಶಿಕ್ಷಾರ್ಹವಾಗಿಸಿದರೂ ಕಾಯಿದೆ ನಿಷೇಧಿಸದ ಉದ್ದೇಶಗಳಿಗೆ ಅವಕಾಶವಿತ್ತಿದೆ. ಆದರೆ ಕೀಲಿಯಿಲ್ಲದವನಿಗೆ ಆ ಅವಕಾಶದಿಂದ ಪ್ರಯೋಜನ ಅಲ್ಪ.

ಮುದ್ರಿತ ಗ್ರಂಥಗಳು 1954ರ ಕಾಯಿದೆಯಂತೆ ರಾಷ್ಟ್ರೀಯ ಗ್ರಂಥಾಲಯಕ್ಕೆ ಸಲ್ಲುತ್ತವೆ. ಡಿಜಿಟಲ್ ಗ್ರಂಥಗಳ ಬೀಗವಿಲ್ಲದ ಒಂದು ಪ್ರತಿಯೂ ಹಾಗೆಯೇ ಸಲ್ಲಬೇಕು. ಹಕ್ಕಿನ ಅವಧಿ ಮುಗಿದ ದಿನ ಅದು ಸಾರ್ವಜನಿಕವಾಗಬೇಕು. ಇಲ್ಲವಾದರೆ ಮುಂದಿನ ಸಂಶೋಧಕರು ಮತ್ತೊಮ್ಮೆ ಗುಟ್ಟಿನ ಲಿಪಿಕಾರನಿಗಾಗಿ ಕಾಯಬೇಕಾದೀತು.