ನಾನು ಕಲಿಸದೆ ಬಿಟ್ಟ ಒಂದು ಪಾಠ

ನನ್ನ ಬಳಿ ಹತ್ತನೆಯ ತರಗತಿಯಲ್ಲಿ ಇತಿಹಾಸ ಓದಿದವರಿಗೆ ಎರಡನೆಯ ಮಹಾಯುದ್ಧದ ಪಾಠ ನೆನಪಿರಬಹುದು. 1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು, ಅಮೆರಿಕ ಯುದ್ಧಕ್ಕಿಳಿಯಿತು, 1945ರ ಆಗಸ್ಟ್‌ನಲ್ಲಿ ಹಿರೋಷಿಮಾ, ನಾಗಸಾಕಿಗಳ ಮೇಲೆ ಅಣುಬಾಂಬು ಬಿತ್ತು. ಕಾರಣಗಳು ಐದು, ಪರಿಣಾಮಗಳು ಆರು ಎಂದು ಹಲಗೆಯ ಮೇಲೆ ಬರೆದು, ಪರೀಕ್ಷೆಗೆ ಇಷ್ಟು ಸಾಕೆಂದು ಮುಂದೆ ಸಾಗುತ್ತಿದ್ದೆ. ಅದರ ನಡುವೆ ನಡೆದ ಒಂದು ಸಂಗತಿಯನ್ನು ನಿಮಗೆ ಹೇಳಲೇ ಇಲ್ಲ. ಅದು ನನಗೇ ಗೊತ್ತಿರಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿರುವ ಮಗ ಈ ಸಲ ನಮ್ಮನ್ನು ಆರ್.ವಿ. ಎಂಬ ವಾಹನದಲ್ಲಿ ಪ್ರವಾಸಕ್ಕೆ ಕರೆದೊಯ್ದ. ಒಲೆ, ಮಂಚ, ಶೌಚಾಲಯ ಎಲ್ಲವೂ ಇರುವ ಚಕ್ರದ ಮೇಲಿನ ಮನೆ ಅದು. ಲೋನ್ ಪೈನ್ ಎಂಬ ಸಣ್ಣ ಊರಿನ ಹತ್ತಿರ, ಟಟಲ್ ಕ್ರೀಕ್ ಎಂಬ ಹಳ್ಳದ ಪಕ್ಕದ ಬಿಡಾರದಲ್ಲಿ ಎರಡು ರಾತ್ರಿ ತಂಗಿದೆವು. ಸಮುದ್ರಮಟ್ಟದಿಂದ ಸುಮಾರು 5,100 ಅಡಿ ಎತ್ತರದ ಮರುಭೂಮಿ. ಅಲ್ಲಿ ವಿದ್ಯುತ್ ಸಂಪರ್ಕವಿಲ್ಲ. ಟ್ಯಾಂಕಿನ ನೀರನ್ನು ಎಣಿಸಿ ಎಣಿಸಿ ಬಳಸಬೇಕು. ಬರಗಾಲದ ಬೇಸಿಗೆಗಳಲ್ಲಿ ಒಂದೇ ಬಿಂದಿಗೆ ನೀರಿನಲ್ಲಿ ಮನೆ ನಡೆಸಿದ ನನ್ನಾಕೆಗೆ ಅದು ಕಷ್ಟವೆನಿಸಲಿಲ್ಲ. ಮೊಮ್ಮಗನಿಗೇ ಅವಳು ಪಾಠ ಹೇಳಿದಳು.

ಪಶ್ಚಿಮಕ್ಕೆ ಸಿಯೆರಾ ನೆವಾಡಾ ಪರ್ವತಶ್ರೇಣಿ ಗೋಡೆಯಂತೆ ಎದ್ದು ನಿಂತಿದೆ. ಅದರ ಶಿಖರ ಮೌಂಟ್ ವಿಟ್ನಿಯ ಎತ್ತರ 14,505 ಅಡಿ. ಪೆಸಿಫಿಕ್ ಸಾಗರದಿಂದ ಬರುವ ಮೋಡಗಳು ಪಶ್ಚಿಮದ ಇಳಿಜಾರಿನಲ್ಲಿಯೇ ಬಹುಪಾಲು ಬರಿದಾಗುವುದರಿಂದ ಪೂರ್ವದ ಈ ಓವೆನ್ಸ್ ಕಣಿವೆ ಒಣಗಿದೆ. ಆಗುಂಬೆಯಲ್ಲಿ ಸುರಿದ ಮಳೆ ಚಿತ್ರದುರ್ಗಕ್ಕೆ ಏಕೆ ಬರುವುದಿಲ್ಲ ಎಂದು ನಿಮ್ಮನ್ನು ಕೇಳುತ್ತಿದ್ದೆನಲ್ಲ, ಇಲ್ಲಿಯೂ ಅದೇ ಮಳೆನೆರಳು. ಆದರೂ ಹಿಮ ಕರಗಿದ ನೀರು ಕಣಿವೆಗೆ ಇಳಿಯುತ್ತದೆ. ಮೂಲನಿವಾಸಿಗಳಾದ ಪೈಯೂಟ್ ಜನ ಕಾಲುವೆ ತೋಡಿ ಆ ನೀರನ್ನು ಬಳಸಿದ್ದರು. ಅವರನ್ನು ಬದಿಗೊತ್ತಿ ಬಂದ ಬಿಳಿಯ ರೈತರು ಹಣ್ಣಿನ ತೋಟ ಮಾಡಿದರು. ಲಾಸ್ ಏಂಜಲೀಸ್ ನಗರವು ಇಲ್ಲಿನ ಭೂಮಿಯನ್ನೂ ನೀರಿನ ಹಕ್ಕನ್ನೂ ಕೊಂಡು, 233 ಮೈಲಿ ಉದ್ದದ ಕಾಲುವೆಯನ್ನು 1913ರಲ್ಲಿ ತೆರೆಯಿತು. ಮುಂದೆ ತೋಟಗಳು ಒಂದೊಂದಾಗಿ ಪಾಳುಬಿದ್ದವು. ಹಾಗೆ ಬರಿದಾದ ಊರುಗಳಲ್ಲಿ ಮಾಂಜನಾರ್ ಒಂದು. ಸ್ಪ್ಯಾನಿಷ್ ಭಾಷೆಯಲ್ಲಿ ಆ ಹೆಸರಿಗೆ ಸೇಬಿನ ತೋಟ ಎಂದು ಅರ್ಥ.

ಎರಡನೆಯ ದಿನ ಬಿಡಾರದಿಂದ ಉತ್ತರಕ್ಕೆ ಅಲ್ಲಿಗೆ ಹೋದೆವು. ಮುಳ್ಳುತಂತಿಯ ಬೇಲಿ, ಒಂದು ಕಾವಲುಗೋಪುರ, ಅದರಾಚೆ ಬಯಲು. ಅಧ್ಯಕ್ಷ ರೂಸ್‌ವೆಲ್ಟ್ 1942ರ ಫೆಬ್ರವರಿ 19ರಂದು ಸಹಿ ಮಾಡಿದ ಒಂದು ಆದೇಶದ ಬಲದಿಂದ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನು ಮನೆಗಳಿಂದ ಎಬ್ಬಿಸಲಾಯಿತು. ಒಟ್ಟು ಸುಮಾರು 1,20,000 ಜನ ಇಂಥ ಶಿಬಿರಗಳ ಪಾಲಾದರು. ಅವರಲ್ಲಿ ಮೂರನೆಯ ಎರಡು ಭಾಗ ಅಮೆರಿಕದ ಪ್ರಜೆಗಳೇ. ಯಾರ ಮೇಲೂ ವಿಚಾರಣೆ ನಡೆದಿರಲಿಲ್ಲ. ಕೈಯಲ್ಲಿ ಹೊರುವಷ್ಟು ಸಾಮಾನು ಮಾತ್ರ ತರಬೇಕಿತ್ತು. ಅಂಥ ಹತ್ತು ಶಿಬಿರಗಳಲ್ಲಿ ಮಾಂಜನಾರ್ ಒಂದು. ಒಂದು ಹಂತದಲ್ಲಿ ಇಲ್ಲಿಯೇ 10,000ಕ್ಕೂ ಮಿಕ್ಕಿ ಜನರಿದ್ದರು. ಇಪ್ಪತ್ತು ಅಡಿ ಅಗಲ, ಇಪ್ಪತ್ತೈದು ಅಡಿ ಉದ್ದದ ಕೋಣೆಯಲ್ಲಿ ಎಂಟು ಮಂದಿಯವರೆಗೆ ವಾಸ. ಹಲಗೆಗಳ ಸಂದಿನಿಂದ ಮರಳು ಒಳಗೆ ನುಗ್ಗುತ್ತಿತ್ತು. ಬಂಧಿತರು ಪಾಳುಬಿದ್ದ ಹಣ್ಣಿನ ಗಿಡಗಳನ್ನು ಆರೈಕೆ ಮಾಡಿದರು. ಬ್ಯಾರಕ್ಕುಗಳ ನಡುವೆ ಕೊಳ, ಕಲ್ಲು, ಸೇತುವೆಗಳ ಉದ್ಯಾನ ಕಟ್ಟಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ಸಂದರ್ಶಕರ ಕೇಂದ್ರ. 1944ರಲ್ಲಿ ಬಂಧಿತರೇ ಕಟ್ಟಿದ ಪ್ರೌಢಶಾಲೆಯ ಸಭಾಂಗಣ ಅದು. ಶಾಲೆ ಆರಂಭವಾದಾಗ ಬೆಂಚುಗಳಿರಲಿಲ್ಲ, ಪುಸ್ತಕಗಳೂ ಸಾಲದಿದ್ದವು. ಮಕ್ಕಳು ನೆಲದ ಮೇಲೆ ಕುಳಿತು ಪಾಠ ಕೇಳಿದರಂತೆ. ನೆಲದ ಮೇಲೆ ಕುಳಿತ ಮಕ್ಕಳಿಗೆ ನಾನೂ ಪಾಠ ಹೇಳಿದ್ದೇನೆ. ಆದರೆ ಬೇಲಿಯೊಳಗೆ ನಿಂತು ಪ್ರಜಾಪ್ರಭುತ್ವದ ಪಾಠವನ್ನು ಆ ಶಿಕ್ಷಕರು ಹೇಗೆ ಹೇಳಿರಬಹುದು? ಬಹಳ ಹೊತ್ತು ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಅಲ್ಲಿಯ ವಿದ್ಯಾರ್ಥಿಗಳಲ್ಲಿ ರಾಲ್ಫ್ ಲಾಜೊ ಎಂಬ ಹುಡುಗನಿದ್ದ. ಅವನು ಜಪಾನಿ ಮೂಲದವನಲ್ಲ. ಮೆಕ್ಸಿಕನ್ ಮತ್ತು ಐರಿಷ್ ಮೂಲದವನು. ಲಾಸ್ ಏಂಜಲೀಸಿನಲ್ಲಿ ತನ್ನೊಡನೆ ಓದುತ್ತಿದ್ದ ಗೆಳೆಯರನ್ನು ಸಾಗಿಸುವುದನ್ನು ಕಂಡು, ಹದಿನೇಳರ ವಯಸ್ಸಿನಲ್ಲಿ ತಾನಾಗಿಯೇ ಅವರ ಜೊತೆ ಶಿಬಿರಕ್ಕೆ ಹೊರಟ. 1944ರಲ್ಲಿ ಅಲ್ಲಿಯೇ ಪ್ರೌಢಶಾಲೆ ಮುಗಿಸಿದ. ಬಳಿಕ ಸೈನ್ಯದಲ್ಲಿ ಸೇವೆ ಸಲ್ಲಿಸಿ, ಮುಂದೆ ಶಿಕ್ಷಣ ಕ್ಷೇತ್ರದಲ್ಲಿಯೇ ದುಡಿದ. ತರಗತಿಯಲ್ಲಿ ಪಕ್ಕದಲ್ಲಿ ಕುಳಿತವನು ಯಾರು ಎಂಬ ಪ್ರಶ್ನೆಗೆ ಆ ಬಾಲಕ ಕೊಟ್ಟ ಉತ್ತರಕ್ಕೆ ಎಷ್ಟು ಅಂಕ ಕೊಡಬೇಕೆಂದು ಈ ಹಳೆಯ ಮೇಷ್ಟ್ರಿಗೆ ತಿಳಿಯದು.

ಶಿಬಿರ 1945ರ ನವೆಂಬರ್‌ನಲ್ಲಿ ಮುಚ್ಚಿತು. ಸೈನಿಕ ಅಗತ್ಯದಿಂದ ಇದು ನಡೆಯಲಿಲ್ಲ, ಜನಾಂಗದ್ವೇಷ, ಯುದ್ಧದ ಉನ್ಮಾದ ಮತ್ತು ನಾಯಕರ ವೈಫಲ್ಯದಿಂದ ನಡೆಯಿತು ಎಂದು ಅಮೆರಿಕದ ಸಂಸತ್ತು ನೇಮಿಸಿದ ಆಯೋಗವೇ 1983ರಲ್ಲಿ ವರದಿ ಕೊಟ್ಟಿತು. 1988ರಲ್ಲಿ ಕಾನೂನಿನ ಮೂಲಕ ಕ್ಷಮೆ ಕೇಳಿ, ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಪರಿಹಾರ ಕೊಡಲು ನಿರ್ಧರಿಸಲಾಯಿತು. 1992ರಲ್ಲಿ ಈ ಸ್ಥಳ ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು. ತನ್ನ ತಪ್ಪಿಗೆ ತಾನೇ ಸ್ಮಾರಕ ಕಟ್ಟಿಕೊಳ್ಳುವುದು ಸಣ್ಣ ಮಾತಲ್ಲ.

ರಾತ್ರಿ ಬಿಡಾರದಲ್ಲಿ, ನಕ್ಷತ್ರಗಳ ಕೆಳಗೆ ಕುಳಿತಿದ್ದಾಗ ಮೊಮ್ಮಗ ಕೇಳಿದ: "ತಾತ, ನಮ್ಮ ಇಂಡಿಯಾದಲ್ಲಿ ಹೀಗೆಲ್ಲ ಮಾಡಿಲ್ಲ ಅಲ್ವಾ?"

ಇಲ್ಲವೆಂದು ಹೇಳಿಬಿಡಬಹುದಿತ್ತು. ಆದರೆ 1962ರ ಚೀನಾ ಯುದ್ಧದ ಸಮಯದಲ್ಲಿ ಅಸ್ಸಾಂ ಮೊದಲಾದ ಕಡೆಗಳಿಂದ ಚೀನೀ ಮೂಲದ ಸುಮಾರು 3,000 ಜನರನ್ನು ರೈಲಿನಲ್ಲಿ ರಾಜಸ್ಥಾನದ ದೇವಲಿ ಶಿಬಿರಕ್ಕೆ ಸಾಗಿಸಿದ್ದನ್ನು ನಾನು ನಿವೃತ್ತನಾದ ಮೇಲೆ ಓದಿದ್ದೆ. ಅವರಲ್ಲಿ ಇಲ್ಲಿಯೇ ಹುಟ್ಟಿ ಬೆಳೆದವರಿದ್ದರು, ಮಕ್ಕಳಿದ್ದರು. ಕೆಲವರು ವರ್ಷಗಟ್ಟಲೆ ಅಲ್ಲಿಯೇ ಉಳಿದರು. "ಮಾಡಿದ್ದೇವೆ ಕಣಪ್ಪ" ಎಂದು ಅವನಿಗೆ ಅದನ್ನು ಹೇಳಿದೆ. ಅವನು ತುಸು ಹೊತ್ತು ಸುಮ್ಮನಿದ್ದು, "ಇದನ್ನ ನೀವು ಸ್ಕೂಲಲ್ಲಿ ಹೇಳಿಕೊಡ್ತಿದ್ರಾ?" ಎಂದ.

ನಾನು ತಲೆಯಲ್ಲಾಡಿಸಿದೆ. ಒಂದು ದಿನವೂ ಹೇಳಿರಲಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಈಗ ಶಿಕ್ಷಕರಾಗಿದ್ದೀರಿ. ಪರೀಕ್ಷೆಗೆ ಬಾರದ ಈ ಎರಡು ಊರುಗಳ ಹೆಸರನ್ನು, ಪಾಠ ಮುಗಿದ ಮೇಲೆ ಐದು ನಿಮಿಷ ಉಳಿದರೆ, ನಿಮ್ಮ ಮಕ್ಕಳಿಗೆ ಹೇಳಿರಿ. ನನ್ನ ಹಳೆಯ ಬಾಕಿ ಅಷ್ಟಾದರೂ ತೀರಲಿ.