ವಿಶೇಷ ಶಿಕ್ಷಕರ ಕಾಯಕವೂ ವೇತನವೂ

ಕೃಷ್ಣಾ-ಘಟಪ್ರಭೆಗಳ ನಡುವಣ ಈ ನಾಡು ಸನ್ 1948ರ ವರೆಗೆ ಒಂದೇ ಆಳಿಕೆಯಲ್ಲಿರಲಿಲ್ಲ. ಜಮಖಂಡಿಯನ್ನು ಪಟವರ್ಧನರೂ ಮುಧೋಳವನ್ನು ಘೋರ್ಪಡೆಯವರೂ ಆಳುತ್ತಿದ್ದರು. ರಬಕವಿಯು ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದರೆ ಅದರ ಮಗ್ಗುಲಿನ ಬನಹಟ್ಟಿಯು ಜಮಖಂಡಿಗೆ ಸೇರಿತ್ತು. ಬೀಳಗಿಯಾದರೋ ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಯೊಳಗಿತ್ತು. ಅಂಧ-ಬಧಿರ ಬಾಲಕರಿಗೆಂದು ಶ್ರೀ ಎಂ. ಶ್ರೀನಿವಾಸರಾಯರು ಸನ್ 1901ರಲ್ಲಿ ತೆರೆದ ಶಾಲೆಯು ದೂರದ ಮೈಸೂರಿನಲ್ಲಿತ್ತು. ಅದು ಬೇರೊಂದು ರಾಜ್ಯ. ಈ ಸೀಮೆಯ ಬಡ ತಂದೆತಾಯಿಗಳು ಅಲ್ಲಿಗೆ ಮಗುವನ್ನು ಕಳಿಸುವದು ಸುಲಭಸಾಧ್ಯವಾಗಿರಲಿಲ್ಲ.

ಈ ಭಾಗದ ಅಂಧರಿಗೆ ಆಶ್ರಯವು ಮಠಗಳ ಮೂಲಕವೇ ದೊರೆಯಿತೆಂಬದು ಭಕ್ತರಿಗೆ ತಿಳಿದ ಸಂಗತಿಯು. ಸನ್ 1909ರಲ್ಲಿ ಬಾದಾಮಿಯ ಬಳಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳು ಗದಿಗೆಯ್ಯನೆಂಬ ಅಂಧ ಬಾಲಕನ ಕಂಠಮಾಧುರ್ಯವನ್ನು ಗುರುತಿಸಿ ಅವನಿಗೆ ಸಂಗೀತಶಿಕ್ಷಣದ ವ್ಯವಸ್ಥೆ ಮಾಡಿದರು. ಮಿರಜಿನ ನೀಲಕಂಠಬುವಾ ಅವರಲ್ಲಿಯೂ ಕಲಿತ ಆ ಬಾಲಕನೇ ಮುಂದೆ ಪಂಚಾಕ್ಷರಿ ಗವಾಯಿಗಳೆಂದು (1892-1944) ವಿಖ್ಯಾತನಾದನು. ಅವರ ಪಾಠಶಾಲೆಯು ಮೊದಲು ಊರಿಂದೂರಿಗೆ ಸಂಚರಿಸಿ, ತರುವಾಯ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ನೆಲೆಗೊಂಡಿತು. ಗುರುಗಳ ಅನಂತರ ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೆ ಆಶ್ರಮವನ್ನು ನಡೆಸಿದರು, ಅವರೂ ಅಂಧರೇ. ವಿದ್ಯಾರ್ಥಿಗಳ ಅನ್ನಕ್ಕಾಗಿ ಭಕ್ತರ ಕಾಣಿಕೆಯು ಸಾಲದಾದಾಗ ನಾಟಕ ಕಂಪನಿಯ ಆದಾಯವು ಒದಗುತ್ತಿತ್ತು. ಅಂಧನು ಅಂಧರಿಗೆ ಕಲಿಸುವ ಪರಂಪರೆಯು ಹೀಗೆ ಬೆಳೆಯಿತು.

ಆದರೆ ಇಂಥ ಮಹಾತ್ಮರ ತ್ಯಾಗವನ್ನು ತೋರಿಸಿ, ಸಂಸಾರಿಯಾದ ಶಿಕ್ಷಕನಿಗೆ ಅಲ್ಪವೇತನವೇ ಸಾಕೆನ್ನುವ ರೂಢಿಯು ಬಹುಕಾಲ ನಡೆದುಬಂದಿರುವದು. ಇದು ಶರಣರ ಮತವೆನ್ನಲಾಗದು. ಕಾಯಕದಿಂದ ಬಂದುದರಲ್ಲಿ ದಾಸೋಹವೇ ಹೊರತು, ಕೈ ಬರಿದಾದವನಿಂದ ದಾಸೋಹವೆಲ್ಲಿಯದು? ಸೇವೆಯೆಂಬ ಹೊಗಳಿಕೆಯಿಂದ ಮನೆಯ ಬಾಡಿಗೆ ತೀರದು.

ಸರಕಾರವು ಈ ಕಾರ್ಯಕ್ಕೆ ಕೈಹಾಕಿದುದು ತಡವಾಗಿ. ವಿಕಲಾಂಗ ಬಾಲಕರನ್ನು ಸಾಮಾನ್ಯ ಶಾಲೆಗಳಲ್ಲಿಯೇ ಓದಿಸುವ ಕೇಂದ್ರದ ಯೋಜನೆಯು ಸನ್ 1974ರಲ್ಲಿ ಹೊರಟಿತು. 1992ರ ಪರಿಷ್ಕೃತ ನಿಯಮಗಳಲ್ಲಿ ವಿಶೇಷ ಶಿಕ್ಷಕನಿಗೆ ಇತರ ಶಿಕ್ಷಕರ ಸಮಾನ ವೇತನಶ್ರೇಣಿಯಲ್ಲದೆ, ಪಟ್ಟಣದಲ್ಲಿ ತಿಂಗಳಿಗೆ 150 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ವಿಶೇಷ ಭತ್ಯವನ್ನು ಕೊಡತಕ್ಕದ್ದೆಂದಿತ್ತು. ಹಳ್ಳಿಗೆ ಹೆಚ್ಚು ಕೊಟ್ಟುದು ಉಚಿತವೇ. ಅದೇ ವರ್ಷದ ಪುನರ್ವಸತಿ ಪರಿಷತ್ತಿನ ಕಾಯಿದೆಯು ಈ ಶಿಕ್ಷಕರಿಗೆ ನಿಯತವಾದ ತರಬೇತಿಯನ್ನೂ ನೋಂದಣಿಯನ್ನೂ ವಿಧಿಸಿತು. ಅರ್ಹತೆಯು ಏರಿತು, ಆದರೆ ಸಂಬಳವು ಅದರ ಜೊತೆಗೆ ಏರಲಿಲ್ಲ.

2001ರಲ್ಲಿ ಬಂದ ಸರ್ವ ಶಿಕ್ಷಾ ಅಭಿಯಾನದಲ್ಲಿ ವಿಕಲಾಂಗ ಮಗುವೊಂದಕ್ಕೆ ವರ್ಷಕ್ಕೆ 1,200 ರೂಪಾಯಿಗಳ ಲೆಕ್ಕವಿದ್ದಿತು. ಬಳಿಕ ಅದು 3,000ಕ್ಕೇರಿತು. ಅದರೊಳಗೆ ಕನಿಷ್ಠ 1,000 ರೂಪಾಯಿ ಶಿಕ್ಷಕರ ನೇಮಕಕ್ಕೆಂದು ಮೀಸಲು. ತಾಲೂಕಿಗೆ ನೂರಿಪ್ಪತ್ತು ಮಕ್ಕಳೆಂದು ಎಣಿಸಿದರೆ, ಆ ಮೀಸಲು ಹಣವು ತಿಂಗಳಿಗೆ 10,000 ರೂಪಾಯಿ. ಇಬ್ಬರು ಹಂಚಿಕೊಂಡರೆ ತಲೆಗೆ ಐದು ಸಾವಿರ. ಗುರುವಿನ ಬೆಲೆಯನ್ನು ಶಿಷ್ಯರ ತಲೆಯೆಣಿಕೆಯಿಂದ ಕಟ್ಟುವ ಈ ಕ್ರಮವು ವಿಚಿತ್ರವಾದುದು.

ಕೆಲಸವಾದರೋ ಹಗುರವಲ್ಲ. ಅಂಧನಿಗೆ ಆರು ಚುಕ್ಕೆಗಳ ಬ್ರೈಲ್ ಲಿಪಿಯನ್ನು ಬೆರಳಿಗೆ ಹತ್ತಿಸಬೇಕು. ಭಾರತೀಯ ಭಾಷೆಗಳಿಗೆಲ್ಲ ಸಾಮಾನ್ಯವಾದ ಆ ಲಿಪಿಯು ನಿಶ್ಚಿತವಾದುದು 1951ರಲ್ಲಿ. ಶಾಲೆಗೆ ಬರಲಾರದ ಮಗುವಿದ್ದಲ್ಲಿ ಶಿಕ್ಷಕನೇ ಮನೆಗೆ ಹೋಗಬೇಕು. ಬನಹಟ್ಟಿಯಂಥ ನೇಕಾರರ ಊರಿನಲ್ಲಿ, ಹಗಲೆಲ್ಲ ಮಗ್ಗದ ಸದ್ದು ತುಂಬಿದ ಮನೆಯೊಳಗೆ ಕೂಸಿನ ಕಿವಿ ಕೇಳದೆಂಬದು ಹೆತ್ತವರಿಗೂ ಬೇಗ ತಿಳಿಯಲಾರದು. ಅದನ್ನರಿಯಲು ಬಲ್ಲವನ ಕಣ್ಣು ಬೇಕು. ಅಂಥವನು ವರ್ಷವರ್ಷಕ್ಕೂ ಕರಾರಿನ ಮೇಲೆ ದುಡಿದರೆ ಬಡತಿಯೂ ನಿವೃತ್ತಿವೇತನವೂ ಇಲ್ಲದೆ, ಬೇರೆ ಕೆಲಸ ಸಿಕ್ಕೊಡನೆ ಹೊರಟುಹೋಗುವನು. ಮಗುವಾದರೋ ಅರ್ಧ ಕಲಿತ ಲಿಪಿಯೊಡನೆ ಉಳಿಯುವದು.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಇಂಥ ಶಿಕ್ಷಕರ ನೇಮಕವನ್ನು ಸರಕಾರದ ಕರ್ತವ್ಯವೆಂದು ಸಾರಿತು. 2021ರ ಅಕ್ಟೋಬರ 28ರಂದು ಸರ್ವೋಚ್ಚ ನ್ಯಾಯಾಲಯವು ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೊಬ್ಬ, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೊಬ್ಬ ವಿಶೇಷ ಶಿಕ್ಷಕನು ಬೇಕೆಂಬ ಪ್ರಮಾಣವನ್ನು ನಿಶ್ಚಯಿಸಿ, ಕಾಯಂ ಹುದ್ದೆಗಳನ್ನು ನಿರ್ಮಿಸಬೇಕೆಂದು ಆಜ್ಞಾಪಿಸಿತು. ಹುದ್ದೆಗಳು ಬೇಗ ಹುಟ್ಟಲಿಲ್ಲವಾಗಿ, 2025ರ ಮಾರ್ಚಿಯಲ್ಲಿ ಅದೇ ನ್ಯಾಯಾಲಯವು ರಾಜ್ಯಗಳಿಗೆ ಮತ್ತೆ ಗಡುವು ಕೊಟ್ಟು, ಬಹುಕಾಲದಿಂದ ಕರಾರಿನ ಮೇಲೆ ದುಡಿಯುತ್ತಿರುವವರ ಅರ್ಹತೆಯನ್ನು ಸಮಿತಿಗಳ ಮೂಲಕ ಪರಿಶೀಲಿಸುವಂತೆ ವಿಧಿಸಿತು.